ಓಡುವಾಗಲೇ ಒರೆಹಚ್ಚುವ ಬಗೆ: ತಂತ್ರಾಂಶದ ಕಾವಲು

ತಂತ್ರಾಂಶವನ್ನು ಬಳಕೆಗೆ ಬಿಡುವ ಮುನ್ನ ಪರೀಕ್ಷಿಸುವುದು ರೂಢಿ. ಆದರೆ ಅದು ಎದುರಿಸಬಹುದಾದ ಸನ್ನಿವೇಶಗಳು ಎಣಿಕೆಗೆ ಮೀರಿದವು. ಆದ್ದರಿಂದ ತಂತ್ರಾಂಶ ಓಡುತ್ತಿರುವಾಗಲೇ ಅದರ ಪ್ರತಿಯೊಂದು ನಡೆಯನ್ನೂ ನಿಯಮದೊಡನೆ ಹೋಲಿಸಿ ನೋಡುವ ಮತ್ತೊಂದು ಪುಟ್ಟ ತಂತ್ರಾಂಶವನ್ನು ಕಾವಲಿಗೆ ನಿಲ್ಲಿಸುತ್ತಾರೆ. ತಜ್ಞರು ಇದನ್ನು ರನ್‌ಟೈಮ್ ವೆರಿಫಿಕೇಶನ್ ಎನ್ನುವರು; ನಾವು ಚಾಲನಾಕಾಲದ ಪರಿಶೀಲನೆ ಎನ್ನಬಹುದು.

ಛಂದಸ್ಸು ಬಲ್ಲವರಿಗೆ ಈ ಕೆಲಸ ಅಪರಿಚಿತವಲ್ಲ. ಕಂದಪದ್ಯದ ಪ್ರತಿ ಅರ್ಧದಲ್ಲಿಯೂ ನಾಲ್ಕು ಮಾತ್ರೆಯ ಎಂಟು ಗಣಗಳು. ವಿಷಮಸ್ಥಾನದಲ್ಲಿ ಜಗಣ ಬರಕೂಡದು, ಆರನೆಯದು ಜಗಣವೋ ಸರ್ವಲಘುವೋ ಆಗಿರಬೇಕು. ಒಬ್ಬರು ಪದ್ಯ ಓದುತ್ತಿರಲು ಇನ್ನೊಬ್ಬರು ಬೆರಳೆಣಿಸುತ್ತ ಕುಳಿತಿದ್ದಾರೆನ್ನೋಣ. ಎಣಿಸುವವರಿಗೆ ಅರ್ಥ ಬೇಕಿಲ್ಲ, ಹಿಂದಿನದೆಲ್ಲ ನೆನಪಿರಬೇಕಿಲ್ಲ. ಇದು ಎಷ್ಟನೆಯ ಗಣ, ಅದರಲ್ಲಿ ಈವರೆಗೆ ಬಂದ ಗುರುಲಘುಗಳು ಯಾವುವು ಎಂಬಷ್ಟೇ ಸಾಕು. ಮೂರನೆಯ ಗಣ ಜಗಣವಾದೊಡನೆ ಅವರು ಕೈಯೆತ್ತಬಹುದು. ಆದರೆ ಲಘುವೆಂದು ತೋರಿದ ಅಕ್ಷರದ ಮುಂದೆ ಒತ್ತಕ್ಷರ ಬಂದರೆ ಅದು ಗುರುವಾಗುತ್ತದಷ್ಟೆ? ಹಾಗಾಗಿ ಒಂದಕ್ಷರ ಕಾಯಬೇಕು. ‘ಸರಿ’, ‘ತಪ್ಪು’ ಎಂಬೆರಡರ ಜೊತೆಗೆ ‘ಇನ್ನೂ ಹೇಳಲಾಗದು’ ಎಂಬ ಮೂರನೆಯ ತೀರ್ಪನ್ನೂ ಈ ಶಾಸ್ತ್ರ ಒಪ್ಪಿಕೊಂಡಿರುವುದು ಇಂಥ ಕಾರಣದಿಂದಲೇ.

1977ರಲ್ಲಿ ಅಮೀರ್ ಪ್ನುವೇಲಿ ಅವರು ಕಾಲವಾಚಕ ತರ್ಕವನ್ನು ತಂತ್ರಾಂಶಕ್ಕೆ ಅನ್ವಯಿಸಿದರು. ಅಂದಿನಿಂದ ‘ಎಂದಿಗೂ’, ‘ಎಂದಾದರೂ’ ಎಂಬ ಅವ್ಯಯಗಳಿಗೆ ಗಣಿತದ ಖಚಿತತೆ ಬಂದಿತು. ‘ರೈಲು ಕೆಂಪು ಸಿಗ್ನಲನ್ನು ಎಂದಿಗೂ ದಾಟದು’ ಎಂಬ ನಿಯಮ ಮುರಿದರೆ ಕಾವಲುಗಾರನಿಗೆ ಆ ಕ್ಷಣವೇ ತಿಳಿಯುತ್ತದೆ. ‘ರೈಲು ಎಂದಾದರೂ ವಾಡಿಯನ್ನು ಸೇರುತ್ತದೆ’ ಎಂಬುದು ಸುಳ್ಳೆಂದು ಯಾವ ಕ್ಷಣದಲ್ಲಿಯೂ ಹೇಳಲಾಗದು, ನಾಳೆ ಸೇರಬಹುದಲ್ಲ! (ಈ ಮಾರ್ಗದ ಪ್ರಯಾಣಿಕರಿಗೆ ಇದನ್ನು ವಿವರಿಸಬೇಕಿಲ್ಲ.)

ವಾಡಿಯ ಹೆಸರೆತ್ತಲು ಕಾರಣವಿದೆ. ರೈಲುಗಳ ಡಿಕ್ಕಿಯನ್ನು ತಡೆಯುವ ‘ಕವಚ್’ ವ್ಯವಸ್ಥೆಯ ಪರೀಕ್ಷೆಗಳು ನಡೆದದ್ದು ಹೈದರಾಬಾದಿನ ಲಿಂಗಂಪಲ್ಲಿಯಿಂದ ವಿಕಾರಾಬಾದ್ ಮೂಲಕ ವಾಡಿಗೆ, ಹಾಗೂ ವಿಕಾರಾಬಾದಿನಿಂದ ಬೀದರಿಗೆ ಹೋಗುವ ಸುಮಾರು 250 ಕಿ.ಮೀ. ಹಳಿಯ ಮೇಲೆ. ಪ್ರಯಾಣಿಕರ ರೈಲಿನಲ್ಲಿ ಮೊದಲ ಪರೀಕ್ಷೆ ಆರಂಭವಾದದ್ದು 2016ರ ಫೆಬ್ರವರಿಯಲ್ಲಿ. ಇಲ್ಲಿ ಕಾಯುವುದು ತಂತ್ರಾಂಶ. ಕಾವಲಿರುವುದು ಬಂಡಿಯ ಮೇಲೆ. ತತ್ತ್ವ ಮಾತ್ರ ಅದೇ. ಹಳಿಯಲ್ಲಿ ಅಳವಡಿಸಿದ ಟ್ಯಾಗುಗಳಿಂದ ಎಂಜಿನ್ನಿಗೆ ತಾನಿರುವ ಸ್ಥಳ ತಿಳಿಯುತ್ತದೆ, ರೇಡಿಯೋ ಮೂಲಕ ಸಿಗ್ನಲಿನ ಸ್ಥಿತಿ ತಲುಪುತ್ತದೆ. ಚಾಲಕ ತಡೆ ಹಾಕದಿದ್ದರೆ ಯಂತ್ರವೇ ಹಾಕುತ್ತದೆ.

ಪದ್ಯದ ತಪ್ಪನ್ನು ಕಂಡಮೇಲೆ ತಿದ್ದಬಹುದು. ರೈಲು ಕೆಂಪನ್ನು ದಾಟಿದ ಮೇಲೆ ಕೈಯೆತ್ತುವವನು ಕಾವಲುಗಾರನಲ್ಲ, ಬರಿಯ ಸಾಕ್ಷಿ. ಆದ್ದರಿಂದ ಇಲ್ಲಿ ನಿಯಮವನ್ನೇ ಹಿಂದಕ್ಕೆ ಸರಿಸಿ ಬರೆಯಬೇಕಾಗುತ್ತದೆ: ‘ಈ ಸ್ಥಳದಲ್ಲಿ, ಈ ವೇಗದಲ್ಲಿ, ಈಗ ತಡೆ ಹಾಕಿದರೆ ನಿಲ್ಲಬಹುದೆ?’ 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟಗಿದ್ದ ನಿಲ್ದಾಣಗಳ ನಡುವಣ ಪ್ರದರ್ಶನದಲ್ಲಿ ಎಂಜಿನ್ನು ಎದುರಿನ ಎಂಜಿನ್ನಿಗೆ 380 ಮೀಟರ್ ದೂರವಿರುವಾಗಲೇ ತಾನಾಗಿ ನಿಂತಿತು.

ಕಾವಲುಗಾರನು ತನಗೆ ತಲುಪಿದ ಸುದ್ದಿಯನ್ನಷ್ಟೇ ನಂಬಬಲ್ಲ ಎಂಬುದನ್ನೂ ಹೇಳಬೇಕು. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರ್ ನಿಲ್ದಾಣದಲ್ಲಿ 290ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಆ ಮಾರ್ಗದಲ್ಲಿ ಕವಚ್ ಇರಲಿಲ್ಲ. ಇದ್ದಿದ್ದರೂ, ತಂತಿಜೋಡಣೆಯ ದೋಷದಿಂದ ಹಳಿ ಪಕ್ಕದ ಮಾರ್ಗಕ್ಕೆ ತಿರುಗಿದ್ದಾಗ ಸಿಗ್ನಲ್ ಹಸಿರನ್ನೇ ತೋರುತ್ತಿತ್ತು.