ಅಂಬಾಸಿಡರ್ ಹಿಂದೆ 'ದಡ್' ಅಂದರೆ ಹೌಸಿಂಗೇ ಹೋಯ್ತೆ?

ಮದುವೆ ಸೀಜನ್ ಶುರುವಾಯಿತೆಂದರೆ ನಮ್ಮ ಊರುಗಳ ಶೆಡ್ಡುಗಳಿಂದ ಹಳೇ ಅಂಬಾಸಿಡರ್‌ಗಳು ಒಂದೊಂದಾಗಿ ಹೊರಬೀಳುತ್ತವೆ. ಹೂವಿನ ಹಾರ ಹಾಕಿಸಿಕೊಂಡು ಮದುಮಕ್ಕಳನ್ನು ಹೊತ್ತು ಗತ್ತಿನಿಂದ ಓಡಾಡುತ್ತವೆ. 2014ರ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆ ಕೆಲಸ ನಿಲ್ಲಿಸಿದ ಮೇಲೆ ಹೊಸ ಗಾಡಿಯ ಮಾತೇ ಇಲ್ಲ. ಇರುವುದನ್ನು ಉಳಿಸಿಕೊಂಡರೆ ಉಂಟು, ಇಲ್ಲವಾದರೆ ಗುಜರಿ.

ಉಳಿಸಿಕೊಳ್ಳಲು ಹೊರಟ ಮಾಲೀಕನ ಜೇಬಿಗೆ ಕತ್ತರಿ ಹಾಕುವ ಕಾಯಿಲೆ ಒಂದಿದೆ. ಕ್ಲಚ್ ಬಿಟ್ಟ ಕೂಡಲೇ ಹಿಂದಿನಿಂದ 'ದಡ್' ಎಂದು ಸದ್ದು. "ಹೌಸಿಂಗ್ ಹೋಯ್ತು ಸ್ವಾಮಿ, ಕ್ರೌನ್ ಪಿನಿಯನ್ ಬದಲಾಯಿಸ್ಬೇಕು" ಎಂದು ಗಾಡಿ ಕೆಳಗೆ ಬಗ್ಗಿಯೂ ನೋಡದೆ ಹೇಳಿಬಿಡುವವರು ಎಲ್ಲ ಊರಲ್ಲೂ ಇದ್ದಾರೆ. ಮಾಲೀಕ ಹೆದರಿ ಸಾಲ ಮಾಡುತ್ತಾನೆ. ಎಷ್ಟೋ ಸಲ ಕೆಟ್ಟಿರುವುದು ಹಲ್ಲಿನ ಚಕ್ರವೇ ಅಲ್ಲ. ಅದನ್ನು ಹಿಡಿದಿಟ್ಟಿರುವ ಬೋಲ್ಟು, ಬುಷ್ಷು, ರಬ್ಬರು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸೀರೀಸೇ ನಮ್ಮ ಅಂಬಾಸಿಡರ್. ಲಾರಿಯ ಹಾಗೆ ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಿಂದಿನ ಹೌಸಿಂಗನ್ನು ಎರಡು ಕಮಾನು ಪಟ್ಟಿಗಳಿಗೆ ಯು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪಟ್ಟಿಗಳ ಮಧ್ಯೆ ತೂರಿದ ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ ಪೀಠದ ತೂತಿನಲ್ಲಿ ಕೂತು ಅದು ಹಿಂದೆ ಮುಂದೆ ಜರುಗದಂತೆ ತಡೆಯುತ್ತದೆ. ಚಕ್ರ ಮುಂದಕ್ಕೆ ತಳ್ಳುವ ಬಲವೆಲ್ಲ ಪಟ್ಟಿಯ ಮುಂದಿನ ಕಣ್ಣಿನಲ್ಲಿರುವ ಬುಷ್ಷಿನ ಮೂಲಕವೇ ಬಾಡಿಗೆ ಹೋಗಬೇಕು. ಇತ್ತ ಗೇರ್‌ಬಾಕ್ಸಿನ ಕೆಳಗೂ ಒಂದು ಮೌಂಟಿಂಗ್ ರಬ್ಬರ್ ಇದೆ. ಇವುಗಳಲ್ಲಿ ಯಾವುದು ಸಡಿಲವಾದರೂ ಸದ್ದು ಒಂದೇ ತರ. ಅಲ್ಲೇ ಮೋಸ ಹೋಗುವುದು.

ಸದ್ದು ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಗಮನಿಸಬೇಕು. ಓಡುವಾಗ ಒಂದೇ ಸಮ 'ಗುಂಯ್' ಎಂದು ಕೊರಗಿ, ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ರಾಗ ಬದಲಾಯಿಸಿದರೆ ಕ್ರೌನ್ ಮೇಲೆ ಅನುಮಾನ ಪಡಿ. ಹೊಂಡಕ್ಕೆ ಬಿದ್ದಾಗ ಮಾತ್ರ ಕಟಕಟ ಅಂದರೆ ಶಾಕಲ್ ಬುಷ್ ಇಲ್ಲವೇ ಶಾಕ್ ಅಬ್ಸಾರ್ಬರ್ ನೋಡಿ. ಹೊರಡುವಾಗ ಒಂದೇ ಒಂದು ಹೊಡೆತವಾದರೆ ಹಿಡಿತದ್ದೇ ತಪ್ಪು, ಅಥವಾ ಜಾಯಿಂಟ್ ಕ್ರಾಸ್ ಸವೆದಿದೆ. ಕ್ರಾಸ್ ನೋಡುವುದಕ್ಕೆ ಶಾಫ್ಟನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಚಿದರೆ ಸಾಕು, ಆಟ ಗೊತ್ತಾಗುತ್ತದೆ. ಆದರೆ ಇಂಜಿನ್ ಆಫ್ ಇರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು.

ಇನ್ನೊಂದು ಪರೀಕ್ಷೆಗೆ ಕಾಸು ಖರ್ಚಿಲ್ಲ, ಹುರಿದಾರ ಸಾಕು. ಸ್ಟೇರಿಂಗ್ ನೆಟ್ಟಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಅಳೆಯಿರಿ. ಒಂದು ಕಡೆ ಎದ್ದು ಕಾಣುವಷ್ಟು ಹೆಚ್ಚು ಕಮ್ಮಿ ಇದ್ದರೆ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಜರುಗಿರಬಹುದು. ಅಂಥ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ಹಿಂದೆ ಬರುವ ಬಸ್ಸಿನವನಿಗೆ ಚೆನ್ನಾಗಿ ಕಾಣುತ್ತದೆ, ಓಡಿಸುವವನಿಗೇ ತಿಳಿಯುವುದಿಲ್ಲ! ಇದರಲ್ಲಿ ಏಳೆಂಟು ಜನ ನೆಂಟರನ್ನು ತುಂಬಿಕೊಂಡು ಆಗುಂಬೆ ಘಾಟಿ ಇಳಿಯುವುದೆಂದರೆ ಮದುವೆ ಮನೆಗೆ ಹೋಗುವ ದಾರಿಯಲ್ಲ.

ಗೇರ್‌ಬಾಕ್ಸ್ ರಬ್ಬರಿನ ಶತ್ರು ಆಯಿಲ್. ಸೀಲಿನಿಂದ ಸೋರಿದ ಆಯಿಲ್ ಕುಡಿದು ರಬ್ಬರ್ ಊದಿ ಮೆತ್ತಗಾಗುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ರಬ್ಬರ್ ಹಾಕಿದರೆ ಅದಕ್ಕೂ ಅದೇ ಗತಿ. ಡೀಸೆಲ್ ಗಾಡಿಯಲ್ಲಿ ನಡುಕ ಜಾಸ್ತಿ, ಆದ್ದರಿಂದ ಕಣ್ಣೂ ಜಾಸ್ತಿ ಇರಬೇಕು.

ರಿಪೇರಿಗೆ ಬಂದರೆ, ಬರೀ ಜಾಕಿ ನಂಬಿ ಯಾರೂ ಕೆಳಗೆ ನುಗ್ಗಬಾರದು. ಬಾಡಿಗೆ ಸ್ಟ್ಯಾಂಡ್ ಬೇರೆ, ಹೌಸಿಂಗಿಗೆ ಆಸರೆ ಬೇರೆ. ಹಿಗ್ಗಿದ ಹಳೇ ಯು ಬೋಲ್ಟನ್ನೇ ಮತ್ತೆ ಬಿಗಿಯುವುದು ಜುಗ್ಗತನ. ಹೊಸ ಸೆಂಟರ್ ಬೋಲ್ಟಿನ ತಲೆ ತೂತಿನಲ್ಲಿ ಸರಿಯಾಗಿ ಕೂತ ಮೇಲೆಯೇ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ರಬ್ಬರ್ ಬುಷ್ಷಿಗೆ ಗ್ರೀಸ್ ಬಳಿಯುವ ಹುಡುಗರಿದ್ದಾರೆ. ಅದು ರಬ್ಬರಿಗೆ ವಿಷ. ಕಣ್ಣಿನ ಬೋಲ್ಟನ್ನು ಕೊನೆಯ ಬಿಗಿ ಬಿಗಿಯುವುದು ಗಾಡಿ ತನ್ನ ಭಾರದಲ್ಲಿ ನೆಲಕ್ಕೆ ನಿಂತ ಮೇಲೆ. ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತುಕ್ಕು. ಪಟ್ಟಿ ನೇತು ಹಾಕಿರುವ ಜಾಗದಲ್ಲಿ ಬಾಡಿಯ ತಗಡು ತಿಂದುಹೋಗಿದ್ದರೆ ಮೇಲೊಂದು ತಗಡು ಅಂಟಿಸಿ ಪೇಂಟ್ ಹೊಡೆದು ಮಾರುವವರಿದ್ದಾರೆ. ಹಳೇ ಗಾಡಿ ಕೊಳ್ಳುವವರು ಅಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಕೆಟ್ಟ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಪೆಟ್ರೋಲ್ ಟ್ಯಾಂಕ್ ಇರುವುದೂ ಹಿಂದುಗಡೆಯೇ, ಅದನ್ನು ಬಿಚ್ಚಿ ದೂರ ಇಡದೆ ಕಿಡಿ ಹಾರಿಸಲು ಯಾರಿಗೂ ಬಿಡಬೇಡಿ.

ಕೆಲಸ ಮುಗಿದು ನಾಲ್ಕಾರು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿಸಿ. ಪಟ್ಟಿಗಳು ಕೂತ ಹಾಗೆ ಅವು ಸಡಿಲವಾಗುತ್ತವೆ. ಒಳ್ಳೇ ಮೇಸ್ತ್ರಿ ಇದಕ್ಕೆ ಕಾಫಿ ಕಾಸಿಗಿಂತ ಹೆಚ್ಚು ಕೇಳುವುದಿಲ್ಲ.