ಏಣಿ ಹೋಯಿತೆಂದು ಅಟ್ಟದಿಂದ ಜಿಗಿಯಬೇಡಿ

ತಪ್ಪು ಕಲ್ಪನೆ: ಲಿನಕ್ಸ್ ಸರ್ವರಿನ ಬೂಟ್ ಫೈಲುಗಳು ಕೈತಪ್ಪಿ ಅಳಿಸಿಹೋದರೆ ಒಂದು ಸಲ ರೀಬೂಟ್ ಮಾಡಿ, ಸರಿಹೋಗುತ್ತದೆ.

ಸತ್ಯ: ಆ ಹೊತ್ತಿನಲ್ಲಿ ಮಾಡಲೇಬಾರದ ಕೆಲಸ ಅದು.

"ಸರ್, ಬೂಟ್ ಡೈರೆಕ್ಟರಿ ಪೂರ್ತಿ ಖಾಲಿ ಆಗ್ಬಿಟ್ಟಿದೆ. ಸರ್ವರ್ ಇನ್ನೂ ಓಡ್ತಿದೆ. ಒಂದ್ಸಲ ರೀಬೂಟ್ ಮಾಡ್ಬಿಡ್ಲಾ?"

ಮೊನ್ನೆ ರಾತ್ರಿ ಹನ್ನೊಂದು ದಾಟಿದ ಮೇಲೆ ಒಬ್ಬ ಹುಡುಗ ಫೋನಿನಲ್ಲಿ ಕೇಳಿದ್ದು ಇದು. ಇಂಥ ಫೋನು ನನಗೆ ಹೊಸದಲ್ಲ. ಪ್ರತಿ ಸಲವೂ ನಾನು ಕೂಗಿಯೇ ಹೇಳುವುದು ಒಂದೇ ಮಾತು: "ಮುಟ್ಟಬೇಡ!" ಅವನ ಪ್ರಶ್ನೆಯೊಳಗೇ ಉತ್ತರವಿತ್ತು. ಸರ್ವರ್ ಇನ್ನೂ ಓಡುತ್ತಿದೆ. ಓಡುತ್ತಿರುವುದನ್ನು ನಿಲ್ಲಿಸುವ ಅವಸರವಾದರೂ ಏಕೆ?

ತಪ್ಪು ಆಗುವ ರೀತಿಯೂ ಹೆಚ್ಚುಕಡಿಮೆ ಒಂದೇ. ಬೂಟ್‌ಗೆಂದು ಕೆಲವು ನೂರು ಎಂಬಿಯ ಪ್ರತ್ಯೇಕ ಪಾರ್ಟಿಷನ್ ಮಾಡಿರುತ್ತಾರೆ. ಅಪ್‌ಡೇಟ್ ಆದಂತೆಲ್ಲ ಹಳೆಯ ಕರ್ನಲ್‌ಗಳು ಅಲ್ಲಿ ಪೇರಿಕೊಳ್ಳುತ್ತವೆ. ಒಂದು ದಿನ ಜಾಗ ನೂರಕ್ಕೆ ನೂರು ತುಂಬಿ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಬಳಕೆಯಲ್ಲಿಲ್ಲದ ಕರ್ನಲ್‌ಗಳನ್ನು ಗುರುತಿಸಿ ತೆಗೆಯುವ ಆಪ್ಟ್ ಆಟೊರಿಮೂವ್ ಇದ್ದೂ, ಯಾರೋ ಆರ್‌ಎಂ ಹಿಡಿದು ಗುಡಿಸಲು ಹೊರಡುತ್ತಾರೆ. ಒಂದು ನಕ್ಷತ್ರ ಚಿಹ್ನೆ ಹೆಚ್ಚಾದರೆ ಸಾಕು, ಎಲ್ಲವೂ ಹೋಯಿತು.

ಹೋಗಿದ್ದು ಏನು? ಕರ್ನಲ್ಲಿನ ಸಂಕುಚಿತ ಪ್ರತಿ ವಿಎಂಲಿನಝ್, ಮೂಲ ಫೈಲ್ ಸಿಸ್ಟಮ್ ಸಿಗುವ ತನಕ ದಾರಿ ತೋರುವ ಇನಿಟ್‌ರಾಮ್‌ಎಫ್‌ಎಸ್, ಗ್ರಬ್‌ನ ಸಂರಚನೆ ಮತ್ತು ಮಾಡ್ಯೂಲುಗಳು. ಇವೆಲ್ಲ ಬೇಕಾಗುವುದು ಯಂತ್ರ ಏಳುವ ಆ ಕೆಲವೇ ಕ್ಷಣಗಳಿಗೆ. ಎದ್ದ ಮೇಲೆ ಕರ್ನಲ್ ಇರುವುದು ರಾಮ್‌ನಲ್ಲಿ. ಡಿಸ್ಕಿನಲ್ಲಿರುವ ತನ್ನ ಪ್ರತಿಯನ್ನು ಅದು ಮತ್ತೆ ತಿರುಗಿ ನೋಡುವುದಿಲ್ಲ. ಚಾಲನೆಯ ನಡುವೆ ಬೇಕಾಗುವ ಡ್ರೈವರ್ ಮಾಡ್ಯೂಲುಗಳಿರುವುದು ಲಿಬ್ ಡೈರೆಕ್ಟರಿಯಡಿ. ಅವಕ್ಕೆ ಏನೂ ಆಗಿಲ್ಲ. ಡೇಟಾಬೇಸಿಗೂ ಏನೂ ಆಗಿಲ್ಲ.

ಅಟ್ಟ ಹತ್ತಿಸಿ ಏಣಿ ತೆಗೆದರು ಎನ್ನುತ್ತೇವಲ್ಲ, ಇದು ಅದೇ ಸ್ಥಿತಿ. ಅಟ್ಟದ ಮೇಲಿರುವವನಿಗೆ ಸದ್ಯಕ್ಕೆ ಯಾವ ಅಪಾಯವೂ ಇಲ್ಲ. ಕೆಳಗೆ ಜಿಗಿದರೆ ಮಾತ್ರ ಮತ್ತೆ ಹತ್ತಲಾರ. ರೀಬೂಟ್ ಎಂದರೆ ಆ ಜಿಗಿತ. ಆದರೆ ಈ ಅಟ್ಟದ ಮೇಲೆ ಮರವಿದೆ, ಹಗ್ಗವಿದೆ, ಉಳಿ ಸುತ್ತಿಗೆಯಿದೆ. ಕೂತಲ್ಲೇ ಹೊಸ ಏಣಿ ಕಟ್ಟಿಕೊಳ್ಳಬಹುದು.

ಕಟ್ಟುವುದು ಹೀಗೆ. ಬೂಟ್ ಪಾರ್ಟಿಷನ್ ಮೌಂಟ್ ಆಗಿದೆಯೇ ನೋಡಿ. ಎಷ್ಟೋ ಸಲ ಫೈಲು ಅಳಿಸಿರುವುದೇ ಇಲ್ಲ, ಪಾರ್ಟಿಷನ್ ಕಳಚಿಕೊಂಡಿರುತ್ತದೆ. ಆಮೇಲೆ ಯುನೇಮ್ ಆದೇಶದಿಂದ ಈಗ ಓಡುತ್ತಿರುವ ಕರ್ನಲ್ ಯಾವುದೆಂದು ತಿಳಿಯಿರಿ. ಡೆಬಿಯನ್, ಉಬುಂಟುಗಳಲ್ಲಿ ಅದೇ ಆವೃತ್ತಿಯ ಲಿನಕ್ಸ್-ಇಮೇಜ್ ಪ್ಯಾಕೇಜನ್ನು ಆಪ್ಟ್ ಮೂಲಕ ಮತ್ತೆ ಹಾಕಿಸಿ. ಬರೀ ಇನ್‌ಸ್ಟಾಲ್ ಎಂದರೆ ಸಾಲದು. ಫೈಲು ಹೋದದ್ದು ಪ್ಯಾಕೇಜ್ ದಾಖಲೆಗೆ ಗೊತ್ತಿಲ್ಲ, "ಆಗಲೇ ಇದೆಯಲ್ಲ" ಎಂದು ಸುಮ್ಮನಾಗುತ್ತದೆ. ರೀಇನ್‌ಸ್ಟಾಲ್ ಎಂದೇ ಹೇಳಬೇಕು. ಆ ಆವೃತ್ತಿ ಭಂಡಾರದಲ್ಲಿ ಈಗ ಇಲ್ಲವಾದರೆ ಹೊಸ ಕರ್ನಲ್ ಹಾಕಿ. ನಂತರ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್, ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್, ಇದೇ ಕ್ರಮದಲ್ಲಿ. ರೆಡ್ ಹ್ಯಾಟ್ 8 ಮತ್ತು ಆಮೇಲಿನವುಗಳಲ್ಲಿ, ಫೆಡೋರಾದಲ್ಲಿ, ಕರ್ನಲ್ಲಿನ ಇನ್ನೊಂದು ಪ್ರತಿ ಲಿಬ್ ಡೈರೆಕ್ಟರಿಯ ಮಾಡ್ಯೂಲುಗಳ ಪಕ್ಕದಲ್ಲೇ ಇರುತ್ತದೆ. ಕರ್ನಲ್-ಇನ್‌ಸ್ಟಾಲ್ ಆದೇಶಕ್ಕೆ ಆ ಜಾಗ ತೋರಿಸಿದರೆ ಅದನ್ನು ಬೂಟ್‌ಗೆ ತರುತ್ತದೆ, ಡ್ರಾಕಟ್‌ನಿಂದ ಇನಿಟ್‌ರಾಮ್‌ಎಫ್‌ಎಸ್ ಮಾಡಿಸುತ್ತದೆ. ಯುಇಎಫ್‌ಐ ಯಂತ್ರವಾದರೆ ಒಂದು ಎಚ್ಚರ: ಇಎಫ್‌ಐ ಪಾರ್ಟಿಷನ್ ಸಾಮಾನ್ಯವಾಗಿ ಬೂಟ್‌ನ ಒಳಗೇ ಮೌಂಟ್ ಆಗಿರುವುದರಿಂದ ಅದೂ ಖಾಲಿಯಾಗಿರಬಹುದು. ರೆಡ್ ಹ್ಯಾಟ್ ಬಳಗದಲ್ಲಿ ಶಿಮ್ ಮತ್ತು ಗ್ರಬ್‌ನ ಇಎಫ್‌ಐ ಪ್ಯಾಕೇಜುಗಳನ್ನೂ ಮತ್ತೆ ಹಾಕಬೇಕು.

ಅರ್ಧ ಗಂಟೆಯ ಕೆಲಸ. ಸೇವೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇದಕ್ಕಿಂತ ನೂರು ಪಾಲು ಕೆಟ್ಟ ಸ್ಥಿತಿಯಲ್ಲಿ ತಾಳ್ಮೆ ಗೆದ್ದ ಕಥೆಯೊಂದಿದೆ. 1986ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವ್ಯಾಕ್ಸ್ ಯಂತ್ರದಲ್ಲಿ ನಡೆದದ್ದನ್ನು ಮಾರಿಯೋ ವೋಲ್ಚ್ಕೋ ಬರೆದಿಟ್ಟಿದ್ದಾರೆ. ಅಳಿಸುವ ಆದೇಶ ಮೂಲ ಡೈರೆಕ್ಟರಿಯಿಂದಲೇ ಹೊರಟು, ತಡೆಯುವಷ್ಟರಲ್ಲಿ ಬಿನ್, ಇಟಿಸಿಯಂಥ ಡೈರೆಕ್ಟರಿಗಳನ್ನೇ ನುಂಗಿತ್ತು. ಫೈಲುಗಳ ಪಟ್ಟಿ ನೋಡಲು ಎಲ್‌ಎಸ್ ಕೂಡ ಇರಲಿಲ್ಲ. ಆದರೆ ಈಮ್ಯಾಕ್ಸ್ ಒಂದು ತೆರೆದೇ ಇತ್ತು. ಅವರು ವ್ಯಾಕ್ಸ್ ಅಸೆಂಬ್ಲಿಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಅದರ ಬೈಟುಗಳನ್ನು ಈಮ್ಯಾಕ್ಸ್ ಮೂಲಕ ಕೈಯಾರೆ ತುಂಬಿ, ಉಳಿದಿದ್ದ ಟಿಎಂಪಿ ಡೈರೆಕ್ಟರಿಯ ಹೆಸರನ್ನೇ ಇಟಿಸಿ ಎಂದು ಬದಲಿಸಿ, ಅಲ್ಲಿಂದ ಒಂದೊಂದಾಗಿ ಎಲ್ಲವನ್ನೂ ಮರಳಿ ತಂದರು. ಅವರು ಉಳಿದದ್ದು ಯಂತ್ರ ಇನ್ನೂ ಓಡುತ್ತಿದ್ದುದರಿಂದ. ನಮ್ಮ ಕೈಯಲ್ಲಿ ಇಡೀ ಪ್ಯಾಕೇಜ್ ಭಂಡಾರವಿದ್ದೂ ನಾವು ರೀಬೂಟ್ ಗುಂಡಿ ಹುಡುಕುತ್ತೇವೆ.

ಇನ್ನುಳಿದ ನಂಬಿಕೆಗಳು.

"ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಓಡಿಸಬೇಕು." ಬೇಡ. ಎಕ್ಸ್‌ಟಿ4 ಅಳಿಸುವಾಗ ಫೈಲಿನ ತುಣುಕುಗಳು ಎಲ್ಲಿವೆ ಎಂಬ ವಿಳಾಸವನ್ನೂ ಒರೆಸುತ್ತದೆ. ಅದಲ್ಲದೆ ಇವು ನಿಮ್ಮ ಮಗುವಿನ ನಾಮಕರಣದ ಫೋಟೋಗಳಲ್ಲ. ಇದೇ ಕರ್ನಲ್ ಜಗತ್ತಿನ ಎಷ್ಟೋ ಯಂತ್ರಗಳಲ್ಲಿದೆ, ಉಳಿದವು ನಿಮ್ಮ ಯಂತ್ರವೇ ಮತ್ತೆ ತಯಾರಿಸಿಕೊಳ್ಳುವಂಥವು.

"ಈಗಾಗಲೇ ರೀಬೂಟ್ ಮಾಡಿಬಿಟ್ಟೆ, ಗ್ರಬ್ ರೆಸ್ಕ್ಯೂ ಅಂತ ಬಂತು, ಓಎಸ್ ಹೊಸದಾಗಿ ಹಾಕಬೇಕು." ಅದೂ ಬೇಡ. ಲೈವ್ ಯುಎಸ್‌ಬಿಯಿಂದ ಎದ್ದು, ಹಳೆಯ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ, ಕ್ರೂಟ್ ಒಳಹೊಕ್ಕು ಮೇಲಿನ ಕೆಲಸವನ್ನೇ ಮಾಡಿ.

"ಈಗಿನ ಆರ್‌ಎಂ ಬುದ್ಧಿವಂತ, ತಡೆಯುತ್ತದೆ." ಅದು ತಡೆಯುವುದು ಮೂಲ ಡೈರೆಕ್ಟರಿಯನ್ನೇ ನೇರ ಹೆಸರಿಸಿದಾಗ ಮಾತ್ರ, ಬೂಟ್ ಎಂದರೆ ಬೂಟ್ ಹೋಗುತ್ತದೆ.

"ಫೈಲು ಅಳಿಸಿದರೆ ಹಾರ್ಡ್‌ವೇರ್ ಕೆಡುವುದಿಲ್ಲ." ಸಾಮಾನ್ಯವಾಗಿ ನಿಜ, ಆದರೆ ಫರ್ಮ್‌ವೇರಿನ ಇಎಫ್‌ಐ ಚರಾಂಶಗಳು ಲಿನಕ್ಸ್‌ನಲ್ಲಿ ಫೈಲುಗಳಂತೆ ಕಾಣುತ್ತವೆ. ಅವು ಅಳಿದು ಕೆಲವು ಯಂತ್ರಗಳು ಏಳಲೇ ಇಲ್ಲ. 2016ರ ಲಿನಕ್ಸ್ 4.5 ಅವಕ್ಕೆ ಬೀಗ ಹಾಕಿತು.

ನನ್ನ ಸಿಟ್ಟು ಹುಡುಗರ ಮೇಲಲ್ಲ. ಫೈಲು ಅಳಿಸುವ ತಪ್ಪು ಯಾರಿಂದಲೂ ಆಗುತ್ತದೆ. "ಆಫ್ ಮಾಡಿ ಆನ್ ಮಾಡು" ಎಂಬುದನ್ನು ನಾವು ಮಂತ್ರ ಮಾಡಿಕೊಂಡೆವಲ್ಲ, ಸಿಟ್ಟು ಅದರ ಮೇಲೆ. ಮೊಬೈಲ್ ಸಿಕ್ಕಿಹಾಕಿಕೊಂಡಾಗ ಆ ಮದ್ದು ನಾಟುತ್ತದೆ. ಏಕೆಂದರೆ ಅಲ್ಲಿ ಕೆಟ್ಟಿರುವುದು ಮೆಮರಿಯಲ್ಲಿರುವುದು, ಚೆನ್ನಾಗಿರುವುದು ಒಳಗೆ ಉಳಿಸಿಟ್ಟಿರುವುದು. ಇಲ್ಲಿ ಪೂರ್ತಿ ತಿರುವುಮುರುವು: ಮೆಮರಿಯಲ್ಲಿರುವುದು ಚೆನ್ನಾಗಿದೆ, ಡಿಸ್ಕಿನಲ್ಲಿರುವುದು ಹೋಗಿದೆ. ರೀಬೂಟ್ ಮಾಡಿದವನು ಇದ್ದೊಂದು ಒಳ್ಳೆಯ ಪ್ರತಿಯನ್ನು ತಾನೇ ಎಸೆಯುತ್ತಾನೆ. ಮದ್ದು ಏಕೆ ನಾಟಿತು ಎಂದು ಒಮ್ಮೆಯಾದರೂ ಕೇಳಿದ್ದರೆ, ಎಲ್ಲಿ ನಾಟುವುದಿಲ್ಲ ಎಂಬುದೂ ತಿಳಿಯುತ್ತಿತ್ತು. ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. ಯಾರೋ ಬರೆದ ಆದೇಶವನ್ನು ಅರ್ಥ ತಿಳಿಯದೆ ರೂಟ್ ಆಗಿ ಅಂಟಿಸುತ್ತೇವೆ. ಏನಾದರೂ ಕೆಟ್ಟರೆ ಇನ್ಯಾರದೋ ಆದೇಶ ಹುಡುಕುತ್ತೇವೆ. ಯಂತ್ರದ ವಿಷಯದಲ್ಲಿ ಮಾತ್ರವೇ ಹೀಗೆ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಆ ರಾತ್ರಿ ಹುಡುಗ ಕೈ ಕಟ್ಟಿ ಕೂತು ಕೇಳಿಸಿಕೊಂಡ. ಒಂದೊಂದೇ ಹೆಜ್ಜೆ ಮುಗಿಸಿದ. ಕರ್ನಲ್ ಬಂದಿದೆಯೇ, ಇನಿಟ್‌ರಾಮ್‌ಎಫ್‌ಎಸ್ ಸರಿಯಾದ ಗಾತ್ರದಲ್ಲಿದೆಯೇ, ಗ್ರಬ್ ಪಟ್ಟಿಯಲ್ಲಿ ಅದೇ ಆವೃತ್ತಿಯ ಹೆಸರಿದೆಯೇ ಎಂದು ಎರಡೆರಡು ಸಲ ನೋಡಿದ. ಡೇಟಾದ ಬ್ಯಾಕಪ್ ತೆಗೆದ. ಬಳಕೆದಾರರು ಯಾರೂ ಇರದ ಭಾನುವಾರದ ಬೆಳಗ್ಗೆ, ಕನ್ಸೋಲ್ ಎದುರಿಗೆ ಕೂತು, ಆಗ ರೀಬೂಟ್ ಮಾಡಿದ.