ನಾದಕ್ಕೆ ಏಳು ತಂತಿ: ಪಿಟೀಲು ಚೌಡಯ್ಯನವರ ಬಾಳುಸಾಧನೆ

ಬೆಂಗಳೂರಿನ ವೈಯಾಲಿಕಾವಲ್ ಬಳಿ ಪಿಟೀಲಿನ ಆಕಾರದ ಸಭಾಂಗಣವೊಂದಿದೆ. ಸಂಗೀತ ಕಚೇರಿ, ನಾಟಕ, ಸನ್ಮಾನ ಸಮಾರಂಭಗಳಿಗೆಂದು ಅಲ್ಲಿಗೆ ಹೋಗಿಬಂದವರು ಅಸಂಖ್ಯ. ಕೆ.ಕೆ. ಮೂರ್ತಿಯವರ ಪರಿಶ್ರಮದಿಂದ ನಿರ್ಮಾಣಗೊಂಡು 1980ರಲ್ಲಿ ಬಾಗಿಲು ತೆರೆದ ಈ ಚೌಡಯ್ಯ ಸ್ಮಾರಕ ಭವನಕ್ಕೆ ಮಾದರಿಯಾದದ್ದು ಏಳು ತಂತಿಗಳ ಪಿಟೀಲು. ಆದರೆ ಸಾಮಾನ್ಯವಾಗಿ ಪಿಟೀಲಿಗೆ ಇರುವುದು ನಾಲ್ಕೇ ತಂತಿ. ಉಳಿದ ಮೂರು ಏಕೆ ಬಂದವು, ಏಕೆ ಮರೆಗೆ ಸರಿದವು ಎಂಬ ಪ್ರಶ್ನೆಯಲ್ಲಿಯೇ ಮೈಸೂರು ಟಿ. ಚೌಡಯ್ಯನವರ ಜೀವನದ ತಿರುಳು ಅಡಗಿದೆ.

ಸಂಗಮದ ಊರಿನಿಂದ ಅರಮನೆಯ ನಗರಕ್ಕೆ

ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು, ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ ಹೊಂದಿಕೊಂಡಿರುವ ಪುಣ್ಯಕ್ಷೇತ್ರ. ಚೌಡಯ್ಯನವರು ಅಲ್ಲಿ 1895ರಲ್ಲಿ ಅಗಸ್ತ್ಯೇಗೌಡ ಮತ್ತು ಸುಂದರಮ್ಮ ದಂಪತಿಗಳ ಪುತ್ರರಾಗಿ ಜನಿಸಿದರು. 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರ ಶಿಷ್ಯತ್ವ ಅವರಿಗೆ ದೊರೆಯಿತು.

ಕೃಷ್ಣಪ್ಪನವರು ಮೂಲತಃ ಗಾಯಕರು. ಕನ್ನಡದ ದೇವರನಾಮಗಳಿಗೆ ಕಚೇರಿಯ ವೇದಿಕೆಯಲ್ಲಿ ಗೌರವದ ಸ್ಥಾನ ದೊರಕಿಸಿದ ಹಿರಿಯರಲ್ಲಿ ಒಬ್ಬರು. ಗಾಯಕರ ಗರಡಿಯಲ್ಲಿ ಪಳಗಿದ ಚೌಡಯ್ಯನವರಿಗೆ ಹಾಡುವವರ ಉಸಿರಿನ ಜಾಡು, ಸಾಹಿತ್ಯದ ನಿಲುಗಡೆ, ರಾಗ ಬೆಳೆಯುವ ಕ್ರಮ ಇವೆಲ್ಲವೂ ಕರಗತವಾದವು. ಮುಂದೆ ದಕ್ಷಿಣ ಭಾರತದ ಘನ ವಿದ್ವಾಂಸರೆಲ್ಲ ಅವರ ಪಕ್ಕವಾದ್ಯವನ್ನು ಬಯಸಿದ್ದಕ್ಕೆ ಈ ಶಿಕ್ಷಣವೇ ತಳಹದಿಯಾಯಿತು.

ಕೇಳಿಸದ ಪಿಟೀಲಿನ ಸಂಕಟ

ಪಕ್ಕವಾದ್ಯಗಾರರ ಕೆಲಸ ಸುಲಭವಾದುದಲ್ಲ. ಗಾಯಕರ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸಬೇಕು. ತಮ್ಮ ಸರದಿ ಬಂದಾಗ ಅದೇ ರಾಗವನ್ನು ತಮ್ಮದೇ ಕಲ್ಪನೆಯಿಂದ ನುಡಿಸಬೇಕು. ಸ್ವರಪ್ರಸ್ತಾರದಲ್ಲಿ ಎದುರುತ್ತರ ನೀಡಬೇಕು. ಇಷ್ಟೆಲ್ಲ ಮಾಡಿದರೂ ಆ ನಾದ ಸಭೆಯ ಕೊನೆಯ ಸಾಲನ್ನು ತಲುಪದಿದ್ದರೆ ಶ್ರಮ ವ್ಯರ್ಥ.

ಆಗಿನ್ನೂ ಧ್ವನಿವರ್ಧಕ ಬಳಕೆಗೆ ಬಂದಿರಲಿಲ್ಲ. ಉತ್ಸವದ ಚಪ್ಪರದಲ್ಲಿ ನೂರಾರು ಜನ ನೆರೆಯುತ್ತಿದ್ದರು. ಗಾಯಕರ ತುಂಬು ಕಂಠ ಮತ್ತು ಮೃದಂಗದ ಘಾತದ ನಡುವೆ ಪಿಟೀಲಿನ ದನಿ ಹೂತುಹೋಗುತ್ತಿತ್ತು. ಇದಕ್ಕೆ ವಾದ್ಯದ ಶ್ರುತಿಯೂ ಒಂದು ಕಾರಣ. ಕರ್ನಾಟಕ ಸಂಗೀತದಲ್ಲಿ ಗಾಯಕರ ಶ್ರುತಿಗೆ ಹೊಂದುವಂತೆ ಪಿಟೀಲಿನ ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಲಾಗುತ್ತದೆ. ಪಾಶ್ಚಾತ್ಯ ಪದ್ಧತಿಗಿಂತ ಶ್ರುತಿ ಕೆಳಗಿಳಿದಾಗ ತಂತಿಯ ಬಿಗಿ ಸಡಿಲವಾಗಿ ನಾದದ ಮೊನಚು ಕುಗ್ಗುತ್ತದೆ.

ಈ ಕೊರತೆಗೆ ಚೌಡಯ್ಯನವರು 1920ರ ದಶಕದಲ್ಲಿ ಕಂಡುಕೊಂಡ ಪರಿಹಾರವೇ ಏಳು ತಂತಿಯ ಪಿಟೀಲು. ಮೂಲದ ನಾಲ್ಕು ತಂತಿಗಳಿಗೆ ಮೂರು ಜೊತೆತಂತಿಗಳನ್ನು ಅವರು ಸೇರಿಸಿದರು. ಕಮಾನು ಒಮ್ಮೆ ಎಳೆದರೆ ಜೋಡಿ ತಂತಿಗಳೆರಡೂ ಏಕಕಾಲಕ್ಕೆ ಮಿಡಿದು ನಾದ ಇಮ್ಮಡಿಯಾಗಿ ತುಂಬಿಕೊಳ್ಳುತ್ತಿತ್ತು.

ಹೇಳಿದಷ್ಟು ಸುಲಭದ ಕಾರ್ಯ ಇದಾಗಿರಲಿಲ್ಲ. ಒಂದೇ ಬೆರಳು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಜೋಡಿಗಳ ಶ್ರುತಿ ಕಚೇರಿಯುದ್ದಕ್ಕೂ ಕದಲದಂತೆ ಕಾಯಬೇಕು. ಹೆಚ್ಚಿದ ಎಳೆತವನ್ನು ವಾದ್ಯದ ಕುದುರೆ ತಾಳಿಕೊಳ್ಳಬೇಕು. ವಾದ್ಯದ ಸ್ವರೂಪವನ್ನೇ ಬದಲಿಸಿದ್ದಕ್ಕೆ ಸಂಪ್ರದಾಯನಿಷ್ಠರ ಆಕ್ಷೇಪಣೆಯೂ ಎದುರಾಯಿತು. ಚೌಡಯ್ಯನವರು ವಾದಕ್ಕೆ ಇಳಿಯದೆ ವಾದನದಿಂದಲೇ ಉತ್ತರವಿತ್ತರು.

ಮನ್ನಣೆಯ ಶಿಖರ

ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಒಂದೇ ವೇದಿಕೆಯಲ್ಲಿ ಕೂಡಿದರೆ ಅದು ರಸಿಕರಿಗೆ ಹಬ್ಬವಾಗುತ್ತಿತ್ತು. ಚೆಂಬೈಯವರ ಕಂಚಿನ ಕಂಠಕ್ಕೆ ಸರಿಗಟ್ಟುವ ನಾದ ಏಳು ತಂತಿಗಳಲ್ಲಿತ್ತು. ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ ಅವರೊಂದಿಗೆ ಆ ಕಾಲದ ಪಿಟೀಲಿನ ತ್ರಿಮೂರ್ತಿಗಳಲ್ಲಿ ಒಬ್ಬರೆಂದು ಚೌಡಯ್ಯನವರು ಗಣನೆಗೆ ಬಂದರು. ಮೈಸೂರಿನ ಆಸ್ಥಾನ ವಿದ್ವಾನ್ ಪದವಿ ಅವರದಾಯಿತು. 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಗೌರವವೂ ಅವರಿಗೆ ಸಂದಿತು.

ಚೌಡಯ್ಯನವರ ಆಸಕ್ತಿ ಕಚೇರಿಗಷ್ಟೇ ಸೀಮಿತವಾಗಿರಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆ ಸ್ಥಾಪಿಸಿ ಶಿಷ್ಯರನ್ನು ತಯಾರು ಮಾಡಿದರು. ಹುಟ್ಟೂರನ್ನು ನೆನಪಿಸುವ ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ತೆರೆಕಂಡ ‘ವಾಣಿ’ ಚಲನಚಿತ್ರವನ್ನು ನಿರ್ಮಿಸಿ, ಅದರಲ್ಲಿ ತಾವೇ ಕಾಣಿಸಿಕೊಂಡರು. 1967ರ ಜನವರಿ 19ರಂದು ಅವರು ಇಹಲೋಕ ತ್ಯಜಿಸಿದರು.

ಉಳಿದದ್ದು ಏನು?

ಧ್ವನಿವರ್ಧಕ ಸಭೆಗಳಲ್ಲಿ ನೆಲೆಯೂರಿದ ಮೇಲೆ ಜೊತೆತಂತಿಗಳ ಅನಿವಾರ್ಯತೆ ತಪ್ಪಿತು. ನಾಲ್ಕು ತಂತಿಯ ಮೆಲುದನಿಯೂ ಸಭೆಯ ಕೊನೆಯವರೆಗೆ ಕೇಳತೊಡಗಿತು. ಶಿಷ್ಯವರ್ಗದ ಆಚೆಗೆ ಏಳು ತಂತಿಯ ವಾದ್ಯ ವ್ಯಾಪಕವಾಗಿ ಹರಡಲಿಲ್ಲ. ಇಂದು ಕಚೇರಿಗಳಲ್ಲಿ ಕಾಣುವುದು ನಾಲ್ಕು ತಂತಿಯ ಪಿಟೀಲೇ.

ಹಾಗೆಂದು ಚೌಡಯ್ಯನವರ ಪ್ರಯೋಗ ವಿಫಲವಾಯಿತು ಎನ್ನಲಾಗದು. ಯಂತ್ರದ ನೆರವಿಲ್ಲದ ಕಾಲದಲ್ಲಿ, ಚಪ್ಪರದ ಅಂಚಿನಲ್ಲಿ ಕುಳಿತ ಶ್ರೋತೃವಿಗೂ ನಾದ ಮುಟ್ಟಬೇಕೆಂಬ ಕಾಳಜಿ ಅದರ ಹಿಂದಿತ್ತು. ಆ ಕೆಲಸವನ್ನು ಈಗ ಧ್ವನಿವರ್ಧಕ ವಹಿಸಿಕೊಂಡಿದೆ. ಪಕ್ಕವಾದ್ಯಕ್ಕೆ ಅವರು ತಂದುಕೊಟ್ಟ ಘನತೆ ಮಾತ್ರ ಹಾಗೆಯೇ ಉಳಿದಿದೆ. ವೇದಿಕೆಯ ಬದಿಯಲ್ಲಿ ಕುಳಿತು ನುಡಿಸಿದ ಕಲಾವಿದರೊಬ್ಬರ ಹೆಸರನ್ನು ರಾಜಧಾನಿಯ ಸಭಾಂಗಣವೊಂದು ಹೊತ್ತು ನಿಂತಿರುವುದು ಅದಕ್ಕೆ ಸಾಕ್ಷಿ.